ಅತ್ತಿಯ ರೆಪ್ಪೆ, ನನ್ನ ಫ್ಲ್ಯಾಶ್

ವಾಡಿಯಲ್ಲಿರುವ ನಮ್ಮ ಅತ್ತಿಯ ಮನೆಯ ಪಡಸಾಲೆಯಲ್ಲಿ ಆಕೆಯ ಮದುವೆಯ ಫೋಟೋ ತೂಗುಹಾಕಿದ್ದಾರೆ. ಅದರಲ್ಲಿ ಮಾಮ ಕ್ಯಾಮೆರಾವನ್ನೇ ದಿಟ್ಟಿಸುತ್ತ, ಈಗಷ್ಟೇ ಯಾವುದೋ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಟ್ಟುಕೊಟ್ಟು ಬಂದವರಂತೆ ಎದೆ ಮುಂದೆ ಮಾಡಿ ನಿಂತಿದ್ದಾರೆ. ಪಕ್ಕದಲ್ಲಿ ಅತ್ತಿ ಕಣ್ಣು ಮುಚ್ಚಿಕೊಂಡಿದ್ದಾಳೆ. ನಾಚಿಕೆಯಿಂದ ಕೆಳಗಿಳಿದ ಕಣ್ಣುಗಳಲ್ಲ ಅವು. ಉಂಡು, ಕೈ ತೊಳೆದು, ಚಾಪೆಯ ಮೇಲೆ ಒರಗಿದವರ ಕಣ್ಣುಗಳು.

ಅತ್ತಿ ಎಂದರೆ ನನ್ನ ಅಪ್ಪನ ತಂಗಿ. ಮಾಮ ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಹಗಲು ಬಾವುಟ, ರಾತ್ರಿ ದೀಪ ಹಿಡಿದು ರೈಲುಗಳನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ದಾಟಿಸುತ್ತಲೇ ನಿವೃತ್ತರಾದರು. ಹೀಗಾಗಿ ಬೆಳಕಿನ ವಿಷಯದಲ್ಲಿ ಮನೆಯಲ್ಲಿ ತಮ್ಮದೇ ಕೊನೆಯ ಮಾತು ಎಂದು ಅವರು ನಂಬಿದ್ದಾರೆ. ಹೊಸ ನೆಂಟರು ಯಾರಾದರೂ ಆ ಫೋಟೋದ ಕೆಳಗೆ ಕುಳಿತರೆ ಮಾಮ ಚಹಾ ಬರುವವರೆಗೂ ಕಾಯುವುದಿಲ್ಲ.

"ಇಂಜಿನ್ನಿನ ಹೆಡ್‌ಲೈಟು ಮಾರಿಗಿ ಬಿದ್ರೂ ನಾ ಒಂದಿನ ಕಣ್ಣು ಮುಚ್ಚಿಲ್ಲ. ಇಕಿ ನೋಡ್ರಿ, ಅಂಗೈಯಷ್ಟು ಲೈಟಿಗಿ ನಿದ್ದಿ ಮಾಡತಾಳ."

"ನಿದ್ದಿ ಅಲ್ಲರೀ," ಎಂದು ಅತ್ತಿ ಒಳಗಿನಿಂದಲೇ ಉತ್ತರಿಸುತ್ತಾಳೆ. "ನಿಮ್ಮ ಮಾರಿ ನೋಡಿದೆ. ಇಷ್ಟು ಸಾಕು ಅನಿಸ್ತು. ಮುಚ್ಚಿದೆ."

ನೆಂಟರು ನಗುತ್ತಾರೆ. ಚಹಾ ಬರುತ್ತದೆ. ಈ ಮಾತುಕತೆಯನ್ನು ನಾನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಇಬ್ಬರೂ ಒಂದು ಅಕ್ಷರವನ್ನೂ ಬದಲಿಸಿಲ್ಲ.

ಆದರೆ ಅದೊಂದೇ ಫೋಟೋ ಅಲ್ಲ. ಈ ಮನೆಯ ಪ್ರವೇಶದಲ್ಲಿ, ಮಗಳ ನಾಮಕರಣದಲ್ಲಿ, ನನ್ನ ಅಣ್ಣನ ಮದುವೆಯಲ್ಲಿ, ಮಾಮನ ನಿವೃತ್ತಿಯ ದಿನ ಸಿಬ್ಬಂದಿಯೆಲ್ಲ ಹಾರ ಹಾಕಿ ನಿಲ್ಲಿಸಿದಾಗ, ಎಲ್ಲ ಕಡೆಯೂ ಅತ್ತಿಯ ಕಣ್ಣು ಮುಚ್ಚಿವೆ. ಸ್ಟುಡಿಯೋದವರು ಬದಲಾದರು, ಕ್ಯಾಮೆರಾ ರೀಲಿನಿಂದ ಡಿಜಿಟಲ್‌ಗೆ ಬಂತು, ಅತ್ತಿಯ ಕೂದಲು ಬೆಳ್ಳಗಾಯಿತು. ರೆಪ್ಪೆ ಮಾತ್ರ ತನ್ನ ಕೆಲಸ ಬಿಡಲಿಲ್ಲ.

ಫೋನಿನಲ್ಲಿ ಯಾಕೆ ತೆಗೆಯಲಿಲ್ಲ ಎಂದು ಕೇಳಬಹುದು. ತೆಗೆದಿದ್ದೇವೆ. ಫೋನಿನಲ್ಲಿ ಆಕೆಯ ಕಣ್ಣು ತೆರೆದೇ ಇರುತ್ತವೆ. ಆದರೆ ಅತ್ತಿಯ ಲೆಕ್ಕದಲ್ಲಿ, ಅಷ್ಟೇ ಏಕೆ, ನಮ್ಮ ಕಡೆಯ ಅವಳ ವಯಸ್ಸಿನ ಎಲ್ಲರ ಲೆಕ್ಕದಲ್ಲಿ, ಅದು ಫೋಟೋ ಅಲ್ಲ. ಫೋಟೋ ಎಂದರೆ ಮೊದಲು ಮಿಂಚಬೇಕು. ಆಮೇಲೆ ಅದಕ್ಕೆ ಕಟ್ಟು ಹಾಕಿಸಬೇಕು, ಗೋಡೆಗೆ ಮೊಳೆ ಹೊಡೆಯಬೇಕು. ನಾನು ಹೊಸದಾಗಿ ಕ್ಯಾಮೆರಾ ಕೊಂಡು ಫ್ಲ್ಯಾಶ್ ಇಲ್ಲದೆ ಚಿತ್ರ ತೆಗೆಯುತ್ತಿದ್ದ ದಿನಗಳಲ್ಲಿ ನೆಂಟರೆಲ್ಲ ನಿಂತಲ್ಲೇ ನಿಂತಿರುತ್ತಿದ್ದರು. ಮುಗೀತು ಎಂದರೂ ಕದಲುತ್ತಿರಲಿಲ್ಲ. "ಮಿಂಚೇ ಇಲ್ಲಲ್ಲ, ಹ್ಯಾಂಗ ಮುಗೀತು?" ಎಂದು ದೊಡ್ಡವ್ವ ಕೇಳಿದ್ದಳು. ನಾನು ಸೇಡಂನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಬೆಳಕಿನ ಬಗ್ಗೆ ಒಂದು ಸೆಮಿಸ್ಟರ್ ಪೂರ್ತಿ ಪಾಠ ಮಾಡಬಲ್ಲೆ. ಆದರೂ ದೊಡ್ಡವ್ವನ ಮಾತಿಗೆ ಸೋತು ಮುಂದಿನ ಸಂಬಳಕ್ಕೆ ಫ್ಲ್ಯಾಶ್ ತಂದೆ.

ಕ್ಯಾಮೆರಾದ ನೆತ್ತಿಯ ಮೇಲಿನ ಲೋಹದ ಸಂದಿಗೆ ಜಾರಿಸಿ ಕೂರಿಸುವ ಫ್ಲ್ಯಾಶ್ ಅದು. ನಾಲ್ಕು ಸೆಲ್ ನುಂಗುತ್ತದೆ, ತಲೆಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗಿಸಬಹುದು. ಅದನ್ನು ಕೂರಿಸಿದೊಡನೆ ಕ್ಯಾಮೆರಾ ಎರಡು ಪಟ್ಟು ಎತ್ತರವಾಗಿ, ಹಿಡಿದವರಿಗೂ ಒಂದು ಅಧಿಕಾರ ಬಂದಂತಾಗುತ್ತದೆ. ನನಗೆ ಇಷ್ಟವಾದದ್ದು ಬೇರೆ ಕಾರಣಕ್ಕೆ. ಮದುವೆ ಮನೆಯಲ್ಲಿ ಸುಮ್ಮನೆ ಕುಳಿತ ಹುಡುಗಿಯನ್ನು ಕಂಡರೆ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ನೆನಪಾಗುತ್ತದೆ. ಆದರೆ ದೊಡ್ಡ ಫ್ಲ್ಯಾಶ್ ಹಿಡಿದು ನಿಂತವಳನ್ನು ಯಾರೂ ನಿನ್ನ ಮದುವೆ ಯಾವಾಗ ಎಂದು ಕೇಳುವುದಿಲ್ಲ. ಅವರಿಗೆ ಆಗ ತಮ್ಮ ಸೆರಗಿನ ಚಿಂತೆ.

ಹೋದ ವರ್ಷ ಅತ್ತಿಯ ಮಗಳ ಮದುವೆ ನಿಶ್ಚಯವಾಯಿತು. ನನಗಿಂತ ಚಿಕ್ಕವಳು. ಹುಡುಗ ಚಿಂಚೋಳಿಯ ಕಡೆ ಶಾಲಾ ಮಾಸ್ತರ. ಎರಡೂ ಊರಿನವರಿಗೆ ಅನುಕೂಲವೆಂದು ಚಿತ್ತಾಪುರದಲ್ಲಿ ಹಾಲ್ ಹಿಡಿದರು. ಒಂದು ಭಾನುವಾರ ವಾಡಿಯ ಪಡಸಾಲೆಯಲ್ಲಿ ಎಲ್ಲರೂ ಕೂತು ಊಟಕ್ಕೆ ಏನು, ಫೋಟೋಕ್ಕೆ ಯಾರು ಎಂದು ಮಾತಾಡುತ್ತಿದ್ದರು. ಅತ್ತಿ ಮೊರದಲ್ಲಿ ತೊಗರಿಬೇಳೆ ಹರಡಿಕೊಂಡು ಕಲ್ಲಿನ ಹಳ್ಳು ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಸ್ಟೇಜ್ ಮ್ಯಾಲ ಫೋಟೋಕ್ಕ ನಾ ನಿಂದ್ರಂಗಿಲ್ಲ. ಈಗೇ ಹೇಳೀನಿ."

"ನಿಂದ್ರಬ್ಯಾಡ," ಎಂದರು ಮಾಮ. "ಹಾಸಿಗಿ ಹಾಕಸ್ತೀವಿ."

ಎಲ್ಲರೂ ನಕ್ಕರು. ನನ್ನ ಅಪ್ಪ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅತ್ತಿ ಕೂಡ ನಕ್ಕಳು. ಆದರೆ ಮತ್ತೆ ಬೇಳೆಗೆ ಬಗ್ಗಿದಳು. ಮಾಮ ಆಕೆಯ ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾದರು, ಬರಲಿಲ್ಲವೆಂದು ಊಟದ ವಿಷಯಕ್ಕೆ ಹೋದರು. ಮದುಮಗಳು ನನ್ನ ಮೊಣಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು.

"ಅಕ್ಕಾ, ಅವ್ವ ಖರೇನೇ ನಿಂದ್ರಂಗಿಲ್ಲ. ಇವರಿಗೆಲ್ಲ ಚ್ಯಾಷ್ಟಿ ಅನಸ್ತದ. ನನ್ನ ಮದಿವಿ ಫೋಟೋದಾಗ ಅವ್ವನೇ ಇಲ್ಲಂದ್ರ ನಾ ಅದನ್ನ ಗ್ವಾಡಿಗಿ ಹಚ್ಚಂಗಿಲ್ಲ."

ಅದೇ ಸಂಜೆ ಅಡುಗೆಮನೆಯಲ್ಲಿ ಅತ್ತಿ ನನ್ನೊಬ್ಬಳನ್ನೇ ಹಿಡಿದಳು. ನಾನು ಮಾತು ಕಡಿಮೆ ಆಡುವವಳೆಂದು ಆರಿಸಿಕೊಂಡಿರಬೇಕು.

"ನಿನ್ನ ಬಲ್ಲಿ ಅದೇನೋ ದೊಡ್ಡ ಲೈಟ್ ಅದ ಅಲ, ಅದರಿಂದ ಒಂದೇ ಒಂದು ನಂದು ಕಣ್ಣು ತೆರದದ್ದು ಬರ್ತದೇನು ನೋಡು. ಮಗಳ ಮನ್ಯಾಗ ಹಾಕ್ಲಿಕ್ಕ ಬೇಕು. ಚಿಂಚೋಳ್ಯಾಗ ಬಂದವರು ಹೋದವರು, ನಿಮ್ಮವ್ವ ಯಾಕ ಮಲ್ಗ್ಯಾಳ ಅಂತ ಇಕಿಗಿ ಕೇಳಬಾರ್ದು. ನನಗ ಕೇಳಿದ್ರ ನಾ ಉತ್ತರ ಕೊಡತೀನಿ. ಇಕಿ ಏನ್ ಕೊಡತಾಳ?"

ಬಾಗಿಲ ಕಡೆ ನೋಡಿ, "ಮೊದಲ ಇಲ್ಲಿ ಮನ್ಯಾಗ ಕಣ್ಣು ತೆರದದ್ದು ಬರ್ಬೇಕು. ಇಲ್ಲಿ ಬಂದ್ರ ಸ್ಟೇಜ್ ಏರತೀನಿ. ಬರಲಿಲ್ಲಂದ್ರ ಏರಂಗಿಲ್ಲ. ನಿಮ್ಮ ಮಾಮಗ ಹೇಳಬ್ಯಾಡ," ಎಂದಳು.

ಆಗಲಿ ಎಂದೆ. ಭೌತಶಾಸ್ತ್ರದಲ್ಲಿ ಪದವಿ ಪಡೆದವಳಿಗೆ ಒಂದು ಜೊತೆ ರೆಪ್ಪೆ ದೊಡ್ಡ ಸಮಸ್ಯೆಯೇನಲ್ಲ ಎಂದು ಆಗ ಅನ್ನಿಸಿತ್ತು.

ಮುಂದಿನ ಭಾನುವಾರ ಸೇಡಂನಿಂದ ಪ್ಯಾಸೆಂಜರ್ ಹಿಡಿದು, ಚೀಲದಲ್ಲಿ ಕ್ಯಾಮೆರಾ, ಫ್ಲ್ಯಾಶ್, ಚಾರ್ಜ್ ಮಾಡಿದ ಎಂಟು ಸೆಲ್ ಇಟ್ಟುಕೊಂಡು ವಾಡಿಗೆ ಹೋದೆ. ನಾನು ನೋಡಿ ಕಲಿತ ವಿಡಿಯೋಗಳೆಲ್ಲ ಒಂದೇ ಮಾತು ಹೇಳಿದ್ದವು. ಫ್ಲ್ಯಾಶನ್ನು ನೇರ ಮುಖಕ್ಕೆ ಹೊಡೆಯಬಾರದು. ಅದರ ತಲೆಯನ್ನು ಛತ್ತಿನ ಕಡೆ ತಿರುಗಿಸಬೇಕು. ಬೆಳಕು ಛತ್ತಿಗೆ ಬಡಿದು, ಹರಡಿ, ಮೆತ್ತಗಾಗಿ ಕೆಳಗಿಳಿಯುತ್ತದೆ. ಕಣ್ಣಿಗೂ ಚುಚ್ಚುವುದಿಲ್ಲ. ಇದೇ ಉಪಾಯ ಎಂದುಕೊಂಡೆ. ನೇರ ಬೆಳಕು ಚುಚ್ಚುವುದರಿಂದ ಅತ್ತಿ ಕಣ್ಣು ಮುಚ್ಚುತ್ತಾಳೆ, ಮೇಲಿನಿಂದ ಇಳಿಸಿದರೆ ಮುಚ್ಚಲಾರಳು.

ಮಾಮನಿಗೆ ಫ್ಲ್ಯಾಶ್ ಪರೀಕ್ಷೆ ಎಂದಷ್ಟೇ ಹೇಳಿ, ಅತ್ತಿಯನ್ನು ಪಡಸಾಲೆಯಲ್ಲಿ ಕೂರಿಸಿ, ಫ್ಲ್ಯಾಶಿನ ತಲೆ ಮೇಲೆತ್ತಿ ಒತ್ತಿದೆ. ಪರದೆಯಲ್ಲಿ ಅತ್ತಿ ಬೂದಿ ಮಿಶ್ರಿತ ನೀಲಿ ಬಣ್ಣಕ್ಕೆ ತಿರುಗಿದ್ದಳು. ಕಣ್ಣು ಮುಚ್ಚಿತ್ತು.

ವಿಡಿಯೋ ಮಾಡಿದವರ ಮನೆಗಳ ಛತ್ತು ಬಿಳಿ. ನಮ್ಮ ಕಡೆ ತಲೆಯ ಮೇಲೆ ಇರುವುದು ಕಬ್ಬಿಣದ ತೊಲೆ, ತೊಲೆಯ ಮೇಲೆ ಶಹಾಬಾದದ ಫರಸಿ, ಎಂದರೆ ಚಪ್ಪಡಿ ಕಲ್ಲು. ನೆಲಕ್ಕೂ ಅದೇ, ಕಟ್ಟೆಗೂ ಅದೇ, ಕಪಾಟಿನ ಹಲಗೆಗೂ ಅದೇ. ಆ ಮಳೆಮೋಡದ ಬಣ್ಣಕ್ಕೆ ಬಡಿದ ಬೆಳಕು ಅದರ ಬಣ್ಣವನ್ನೇ ಹೊತ್ತು ತಂದಿತ್ತು. ಇಪ್ಪತ್ತು ವರ್ಷ ಅದೇ ಛತ್ತಿನ ಕೆಳಗೆ ಹೋಗಿ ಬಂದು ಮಾಡಿದವಳು ನಾನು. ಅದರ ಬಣ್ಣ ಯಾವುದೆಂದು ಆ ದಿನ ಅತ್ತಿಯ ಮುಖ ನೋಡಿ ಗೊತ್ತಾಯಿತು.

"ಯಾಕವ್ವ, ನನಗ ಎಂಟು ದಿನದಿಂದ ಜ್ವರ ಬಂದಂಗ ತೆಗದಿ?" ಎಂದಳು ಅತ್ತಿ.

ಮಾಮ ಕನ್ನಡಕ ಹಾಕಿಕೊಂಡು ಬಂದು ಪರದೆಗೆ ಬಗ್ಗಿದರು. "ಛಂದ ಬಂದದಲ್ಲ. ನಮ್ಮ ಕಲ್ಲಿನ ಬಣ್ಣ. ಪಾಲಿಶ್ ಮಾಡಿಸಿದ್ರ ಇನ್ನೂ ಹೊಳೀತಾಳ."

"ಮಾಮ, ಈ ಛತ್ತಿಗೆ ಸುಣ್ಣ ಬಳದಿದ್ರ ಆಗ್ತಿತ್ತು," ಎಂದೆ.

"ಶಹಾಬಾದ ಕಲ್ಲಿಗಿ ಸುಣ್ಣಾ? ನಿನ್ನ ಫೋಟೋದ ಸಲುವಾಗಿ? ಹಂಗಾದ್ರ ರೈಲಿಗೂ ಬಿಳಿ ಬಣ್ಣ ಬಳಿಸೋಣ, ಛಂದ ಕಾಣ್ತದ."

ಮದುಮಗಳು ಒಳಗೆ ಹೋಗಿ ಮಾಮನ ಇಸ್ತ್ರಿ ಮಾಡಿದ ಬಿಳಿ ಧೋತರ ತಂದಳು. ತೊಲೆಯಲ್ಲಿ ಹಳೆಯ ತೊಟ್ಟಿಲ ಕೊಂಡಿಗಳು ಇನ್ನೂ ಇದ್ದವು. ಅವಳೇ ಮಲಗಿದ್ದ ತೊಟ್ಟಿಲು. ಸ್ಟೂಲ್ ಹಾಕಿಕೊಂಡು ನಾವಿಬ್ಬರೂ ಆ ಕೊಂಡಿಗಳಿಗೆ ಧೋತರದ ಮೂಲೆಗಳನ್ನು ಕಟ್ಟಿದೆವು. ಕಲ್ಲಿನ ಕೆಳಗೆ ಒಂದು ಬಿಳಿಯ ಛತ್ತು ಸಿದ್ಧವಾಯಿತು. ಮಾಮ ಕುತ್ತಿಗೆ ಎತ್ತಿ ನೋಡಿದರು.

"ನನ್ನ ಧೋತರ ನನಗಿಂತ ಮ್ಯಾಲ ಹೋಯ್ತು. ಕೆಳಗ ಬಿದ್ದ ಮ್ಯಾಲ ಅದನ್ನ ಉಟಗೊಂಡು ಮದಿವಿಗಿ ನಾ ಬರ್ಬೇಕೇನು, ಇಲ್ಲಾ ಅದೊಂದೇ ಬರ್ತದ?"

ಈಗ ಬೆಳಕು ನಿಜಕ್ಕೂ ಚೆನ್ನಾಗಿ ಬಂತು. ಅತ್ತಿಯ ಮೈಬಣ್ಣ ಇದ್ದದ್ದು ಇದ್ದಂತೆ, ನುಣ್ಣಗೆ, ಎಣ್ಣೆ ಹಚ್ಚಿದ ಕಪ್ಪು ಕಲ್ಲಿನ ಹಾಗೆ. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿ ಕೊಡುವ ಹಿಟ್ಟಿನ ಮುಖ ಅಲ್ಲ. ಕಿವಿಯ ಬೆಂಡೋಲೆ, ಗಲ್ಲದ ಹಚ್ಚೆಯ ಮೂರು ಚುಕ್ಕೆ, ಎಲ್ಲವೂ ಸ್ಪಷ್ಟ. ಕಣ್ಣು ಮುಚ್ಚಿತ್ತು.

ಮತ್ತೆ ತೆಗೆದೆ. ಒಂದು ಎರಡು ಮೂರು ಎಣಿಸಿ ತೆಗೆದೆ, ಎಣಿಸದೆ ತೆಗೆದೆ. ಮೊದಲು ಕಣ್ಣು ಮುಚ್ಚಿಕೋ, ಹೇಳಿದಾಗ ತೆರೆ ಎಂದೆ. ಹೇಳಿದಾಗ ತೆರೆದಳು, ಮಿಂಚಿದಾಗ ಮುಚ್ಚಿದಳು. ಗೋಡೆಯ ಕಡೆ ನೋಡಿಸಿದೆ, ಮಗಳ ಕಡೆ ನೋಡಿಸಿದೆ. ಮಾಮ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪ್ರತಿ ಸಲ ಮಿಂಚಿದಾಗಲೂ "ಗಾಡಿ ಹೋಯ್ತು" ಎನ್ನುತ್ತಿದ್ದರು. ಸೆಲ್ ಬದಲಿಸಿದೆ. ಅತ್ತಿ ನಗುವುದನ್ನು ನಿಲ್ಲಿಸಿದಳು.

"ಬಿಡವ್ವ," ಎಂದಳು ಕೊನೆಗೆ. "ನನ್ನ ಕಣ್ಣೇ ಅಂಥಾವು. ನಾ ಅಡಗಿ ಮನ್ಯಾಗ ಇರ್ತೀನಿ. ಊಟದ ಕಡಿ ನೋಡೋರು ಒಬ್ಬರು ಬೇಕಲ್ಲ."

ಆಕೆ ಏಳುವಷ್ಟರಲ್ಲಿ ಮದುಮಗಳು ಫೋನ್ ಹಿಡಿದುಕೊಂಡು ಎದುರಿಗೆ ಬಂದಳು. ತಾಯಿಯ ಮೂಡು ತಿದ್ದಲು ಅವಳಿಗೆ ಗೊತ್ತಿದ್ದ ದಾರಿ ಇನ್ನೊಂದು ಚೇಷ್ಟೆ. "ಅವ್ವಾ, ಇನ್ನೊಂದ್ಸಲ. ನೀ ಮುಚ್ಚೋದು ನಿಧಾನ ವಿಡಿಯೋ ಮಾಡತೀನಿ. ಮದಿವಿಗಿ ಬರ್ಲಾರದವರಿಗೆಲ್ಲ ಕಳಸೋಣ."

ಅತ್ತಿ ಮಗಳ ಬೆನ್ನಿಗೆ ಒಂದು ಗುದ್ದು ಕೊಟ್ಟು ಮತ್ತೆ ಕೂತಳು. ನಾನು ಒತ್ತಿದೆ. ಮದುಮಗಳು ಫೋನಿನಲ್ಲಿ ಎಲ್ಲವನ್ನೂ ನಿಧಾನಗತಿಯಲ್ಲಿ ಹಿಡಿದಳು. ಆಮೇಲೆ ಮೂವರೂ ತಲೆ ಸೇರಿಸಿ ನೋಡಿದೆವು.

ಫೋನಿನಲ್ಲಿ ಅತ್ತಿ ಕಣ್ಣು ತೆರೆದು ಕೂತಿದ್ದಾಳೆ. ಒಮ್ಮೆ ಸಣ್ಣಗೆ ಮಿಂಚುತ್ತದೆ. ಅವಳ ರೆಪ್ಪೆ ಇಳಿಯತೊಡಗುತ್ತದೆ. ಪೂರ್ತಿ ಇಳಿದು ಕೂತ ಮೇಲೆ ಇನ್ನೊಮ್ಮೆ, ಇಡೀ ಪರದೆ ಬೆಳ್ಳಗಾಗುವಂತೆ ಮಿಂಚುತ್ತದೆ.

"ಎರಡು ಸಲ ಬಂತಲ್ಲ ಅಕ್ಕಾ," ಎಂದಳು ಮದುಮಗಳು.

ನಾನು ಫೋನ್ ಕೆಳಗಿಟ್ಟು ಫ್ಲ್ಯಾಶಿನ ಬೆನ್ನ ಮೇಲಿನ ಸಣ್ಣ ಪರದೆ ನೋಡಿದೆ. ಅದು ಆಟೊದಲ್ಲಿತ್ತು. ಕೊಂಡ ದಿನದಿಂದಲೂ ಆಟೊದಲ್ಲೇ ಇತ್ತು. ಆಟೊದಲ್ಲಿ ಕ್ಯಾಮೆರಾ ಮೊದಲು ಒಂದು ಸಣ್ಣ ಮಿಂಚನ್ನು ಕಳಿಸುತ್ತದೆ. ಎದುರಿನವರಿಗೆ ಬಡಿದು ಎಷ್ಟು ಬೆಳಕು ಮರಳಿ ಬಂತು ಎಂದು ಅಳೆಯುತ್ತದೆ. ಆ ಲೆಕ್ಕದ ಮೇಲೆ ದೊಡ್ಡ ಮಿಂಚನ್ನು ಹಾರಿಸಿ ಚಿತ್ರ ತೆಗೆಯುತ್ತದೆ. ಎರಡರ ನಡುವಿನ ಹೊತ್ತು ಎಷ್ಟು ಕಡಿಮೆಯೆಂದರೆ ನಮಗೆಲ್ಲ ಅದು ಒಂದೇ ಮಿಂಚು. ನಮ್ಮ ರೆಪ್ಪೆ ಕೆಳಗಿಳಿಯುವ ಹೊತ್ತಿಗೆ ಎರಡೂ ಮುಗಿದಿರುತ್ತವೆ. ಅತ್ತಿಯ ರೆಪ್ಪೆ ಮೊದಲನೆಯದನ್ನು ಕಂಡು, ಎರಡನೆಯದು ಬರುವಷ್ಟರಲ್ಲಿ ಬಾಗಿಲು ಹಾಕಿಕೊಂಡು ಕೂತಿರುತ್ತದೆ. ಇದೆಲ್ಲ ನನಗೆ ಓದಿ ಗೊತ್ತಿತ್ತು. ಓದಿದ್ದು ಒಂದು ಕಡೆ, ಅತ್ತಿ ಒಂದು ಕಡೆ ಇದ್ದಳು, ಅಷ್ಟೇ.

"ಅತ್ತೀ, ನೀ ತಡ ಮಾಡಿ ಮುಚ್ಚಲಿಕತ್ತಿಲ್ಲ," ಎಂದೆ. "ಭಾಳ ಲಗೂ ಮುಚ್ಚಲಿಕತ್ತಿ. ನಮಗೆಲ್ಲಾರಿಗಿಂತ ಲಗೂ."

ಅತ್ತಿ ಫೋನನ್ನು ಮಗಳ ಕಡೆ ಸರಿಸಿದಳು. ಆಮೇಲೆ ಎಂದಳು, "ಲಗೂ ಮುಚ್ಚಬೇಕಲ್ಲ. ಸಣ್ಣಾಕಿ ಇದ್ದಾಗ ಶಹಾಬಾದನ್ಯಾಗ ನಮ್ಮಪ್ಪನ ಜೋಡಿ ಫರಸಿ ಅಂಚು ಕಡೀಲಿಕ್ಕ ಕೂಡ್ತಿದ್ದೆ. ಏಟಿಗೊಂದು ಚಕ್ಕಿ ಹಾರತಿತ್ತು. ನಮ್ಮ ಸಾಲಿನ್ಯಾಗ ಕುಂತ ಇಬ್ಬರಿಗಿ ಒಂದೊಂದು ಕಣ್ಣು ಹೋಗ್ಯಾವ. ನಂದು ಎರಡೂ ಅವ."

ಬೇಳೆ ಆರಿಸುವಾಗಿನ ದನಿಯಲ್ಲೇ ಹೇಳಿದಳು. ಬಾಗಿಲ ಬಳಿಯ ಕುರ್ಚಿಯಲ್ಲಿ ಮಾಮ ಹೊರಗೆ ನೋಡುತ್ತಿದ್ದರು. ಈ ವಿಷಯ ಅವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ನಿಧಾನಗತಿಯ ವಿಡಿಯೋವನ್ನು ಮದುಮಗಳು ಯಾರಿಗೂ ಕಳಿಸಲಿಲ್ಲ.

ಪಡಸಾಲೆಯ ಆ ಹಳೆಯ ಮದುವೆ ಫೋಟೋಕ್ಕೆ ಈ ಕಾರಣ ಹೊಂದುವುದಿಲ್ಲ. ಆ ಕಾಲದ ಫ್ಲ್ಯಾಶ್ ಒಂದೇ ಸಲ ಮಿಂಚುತ್ತಿತ್ತು. ಅದನ್ನೂ ಹೇಳಿಬಿಡುವುದು ನ್ಯಾಯ ಎನ್ನಿಸಿ ಹೇಳಿದೆ.

"ಅದಕ್ಕ ಕಾರಣ ನಾ ಮೊದಲೇ ಹೇಳೀನಲ್ಲ," ಎಂದು ಅತ್ತಿ ಬಾಗಿಲ ಕಡೆ ನೋಡಿದಳು. ಮಾಮನ ಮುಖಕ್ಕೆ ಜೀವ ಬಂತು.

ಫ್ಲ್ಯಾಶನ್ನು ಮ್ಯಾನ್ಯುಯಲ್‌ಗೆ ಹಾಕಿದೆ. ಇದರಲ್ಲಿ ಅಳೆಯುವ ಮಿಂಚು ಇಲ್ಲ. ಎಷ್ಟು ಬೆಳಕು ಬೇಕೆಂದು ನಾವೇ ಮೊದಲು ಗೊತ್ತು ಮಾಡಿ ಇಡಬೇಕು. ಅದು ಒಂದೇ ಸಲ ಮಿಂಚುತ್ತದೆ. ಆಗ ಅತ್ತಿಯ ರೆಪ್ಪೆ ಎಷ್ಟೇ ಚುರುಕಾಗಿ ಇಳಿಯಲಿ, ಇಳಿಯುವ ಮೊದಲೇ ಚಿತ್ರ ಮುಗಿದಿರುತ್ತದೆ. ತೊಂದರೆಯೆಂದರೆ ದೂರ ಬದಲಾದರೆ ಬೆಳಕೂ ಬದಲಾಗುತ್ತದೆ. ಒಂದು ಹೆಜ್ಜೆ ಮುಂದೆ ಹೋದರೆ ಮುಖ ಸುಟ್ಟಂತೆ, ಹಿಂದೆ ಹೋದರೆ ಮಬ್ಬು. ಅಳತೆಗೆ ನಾನು ಕೆಳಗೆ ನೋಡಿದೆ. ನೆಲದ ಫರಸಿಗಳೆಲ್ಲ ಒಂದೇ ಗಾತ್ರ. ಛತ್ತಿನಲ್ಲಿ ನನಗೆ ಕೈ ಕೊಟ್ಟ ಕಲ್ಲು ನೆಲದಲ್ಲಿ ಕೈ ಹಿಡಿಯಿತು. ಅತ್ತಿಯ ಕುರ್ಚಿಗೂ ನನಗೂ ನಡುವೆ ಐದು ಕಲ್ಲು ಬಿಟ್ಟು ನಿಂತೆ.

ಒತ್ತಿದೆ. ಪರದೆಯಲ್ಲಿ ಅತ್ತಿ ನನ್ನನ್ನೇ ನೋಡುತ್ತಿದ್ದಳು.

ಅತ್ತಿ ಕ್ಯಾಮೆರಾವನ್ನು ನನ್ನ ಕೈಯಿಂದ ತೆಗೆದುಕೊಂಡು, ದೂರ ಹಿಡಿದು, ಹತ್ತಿರ ತಂದು, ಬಹಳ ಹೊತ್ತು ನೋಡಿದಳು.

"ನನ್ನ ಕಣ್ಣು ಇಷ್ಟು ಸಣ್ಣಾವೇನು?" ಎಂದಳು.

ಆ ಚಿತ್ರಕ್ಕೆ ಕಟ್ಟು ಹಾಕಿಸುವಂತಿರಲಿಲ್ಲ. ಅತ್ತಿ ಮನೆಯ ಸೀರೆಯಲ್ಲಿದ್ದಳು, ಹೆಗಲ ಮೇಲೆ ಒರೆಸುವ ಬಟ್ಟೆ ಇತ್ತು. ಆದರೆ ಸ್ಟೇಜ್ ಏರಲು ಒಪ್ಪಿದಳು. ಒಂದೇ ಷರತ್ತು ಹಾಕಿದಳು, ನಾನೇ ತೆಗೆಯಬೇಕು, ಒಂದೇ ತೆಗೆಯಬೇಕು. ಮಾಮನಿಗೆ ಹೇಳಬೇಡ ಎಂಬ ಹಳೆಯ ಷರತ್ತಿಗೆ ಈಗ ಅರ್ಥವಿರಲಿಲ್ಲ. ಅವರು ಬಾಗಿಲಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಮನ್ಯಾಗ ಬಂದದ, ಅಲ್ಲಿ ನೋಡೋಣ," ಎಂದಷ್ಟೇ ಹೇಳಿ ತೊಲೆಗೆ ಕಟ್ಟಿದ್ದ ಧೋತರ ಬಿಚ್ಚಿಕೊಂಡರು.

ಮದುವೆಯ ದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಚಿತ್ತಾಪುರದ ಹಾಲ್‌ಗೆ ಹೋದೆ. ಛತ್ತು ಎತ್ತರವಿತ್ತು, ಆದರೆ ಬಿಳಿ. ಸ್ಟೇಜಿನ ಮುಂದಿನ ನೆಲ ಇಲ್ಲಿಯೂ ಫರಸಿ. ಸ್ಟೇಜಿನ ಮೇಲಿನ ಒಂದು ಕುರ್ಚಿಗೆ ನನ್ನ ಬಿಳಿ ವೇಲು ಹೊದಿಸಿ, ಅದನ್ನೇ ಅತ್ತಿ ಎಂದುಕೊಂಡು, ಯಾವ ಕಲ್ಲಿನ ಮೇಲೆ ನಿಂತರೆ ಬೆಳಕು ಸರಿ ಎಂದು ನೋಡಿ ಇಟ್ಟುಕೊಂಡೆ. ವೇಲಿಗೂ ಕಾರಣವಿತ್ತು. ನಮ್ಮಲ್ಲಿ ಬುದ್ಧವಂದನೆಯ ಹೊತ್ತಿಗೆ ಮದುಮಕ್ಕಳು, ಮನೆಯವರು ಎಲ್ಲರೂ ಬಿಳಿ ಬಟ್ಟೆಯಲ್ಲಿರುತ್ತೇವೆ. ಅಷ್ಟು ಬಿಳಿ ಕಂಡರೆ ಆಟೊದಲ್ಲಿರುವ ಕ್ಯಾಮೆರಾ ಬೆಳಕು ಸಾಕೆಂದು ತಪ್ಪು ತಿಳಿದು ಮುಖಗಳನ್ನು ಕಪ್ಪಾಗಿಸುತ್ತದೆ. ಮ್ಯಾನ್ಯುಯಲ್‌ಗೆ ಆ ಭ್ರಮೆಯೂ ಇಲ್ಲ.

ತ್ರಿಶರಣ, ಪಂಚಶೀಲ ಮುಗಿದವು. ಹಾರ ಬದಲಾಯಿಸಿದರು. ಎಲ್ಲರೂ ಹೂವಿನ ಎಸಳು ಎರಚಿದರು. ಇಷ್ಟರವರೆಗೂ ಅತ್ತಿ ಕೆಳಗೆ ಮೊದಲ ಸಾಲಿನ ಮೂಲೆಯಲ್ಲಿದ್ದಳು. ಮನೆಯವರ ಫೋಟೋ ಎಂದಾಗ ಮದುಮಗಳು ತಾನೇ ಇಳಿದು ಬಂದು ಅವಳ ಕೈ ಹಿಡಿದಳು. ಅತ್ತಿ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅತ್ತಿ ಏರಿದಳು.

ನಾನು ಲೆಕ್ಕಕ್ಕೆ ಹಿಡಿಯದಿದ್ದದ್ದು ಸ್ಟುಡಿಯೋದವನನ್ನು. ಹಣ ಕೊಟ್ಟು ಕರೆಸಿದವನು, ಅವನೇ ಮುಂದೆ. ಅವನ ಫ್ಲ್ಯಾಶ್ ಪಟಾಕಿ ಸರದ ಹಾಗೆ ಹೊಡೆಯುತ್ತಿತ್ತು. ಅತ್ತಿಯ ರೆಪ್ಪೆಗೆ ಬಿಡುವೇ ಇರಲಿಲ್ಲ. ನಾನು ಈಗ ಒತ್ತಿದರೂ ಅವನ ಮಿಂಚಿಗೆ ಮುಚ್ಚಿದ ಕಣ್ಣೇ ನನ್ನ ಚಿತ್ರಕ್ಕೂ ಬರುತ್ತಿತ್ತು. ಅವನು ತನ್ನ ಪರದೆ ನೋಡಿಕೊಂಡು, ಇಡೀ ಹಾಲಿಗೆ ಕೇಳುವಂತೆ ಹೇಳಿದ:

"ಅಮ್ಮೋರ, ಸ್ವಲ್ಪ ಕಣ್ಣು ತೆರೀರಿ. ಮಗಳ ಮದಿವಿ ಅದ."

ಹಾಲ್ ನಕ್ಕಿತು. ಚಿಂಚೋಳಿಯ ಕಡೆಯವರೂ ನಕ್ಕರು. ಅವರಿಗೆ ಅದು ಮೊದಲ ಸಲ ಕೇಳಿದ ತಮಾಷೆ. ಅತ್ತಿ ಮಗಳ ಕೈ ಬಿಟ್ಟು, ಸೆರಗು ಸರಿಪಡಿಸಿಕೊಂಡು, ಮೆಟ್ಟಿಲ ಕಡೆ ತಿರುಗಿದಳು.

ನಾನು ತರಗತಿಯ ಹೊರಗೆ ಎತ್ತರದ ದನಿಯಲ್ಲಿ ಮಾತಾಡುವವಳಲ್ಲ. ಆ ದಿನ ಎಲ್ಲಿಂದ ಬಂತೋ.

"ಅಣ್ಣಾರ, ನಿಮ್ಮ ಲೈಟ್ ಬಂದ್ ಮಾಡ್ರಿ. ಯಾರೂ ಫ್ಲ್ಯಾಶ್ ಹೊಡೀಬ್ಯಾಡ್ರಿ, ಫೋನಿನವೂ ಬ್ಯಾಡ. ಅತ್ತೀ, ಅಲ್ಲೇ ನಿಂದರು."

ಸ್ಟುಡಿಯೋದವನು ಕ್ಯಾಮೆರಾ ಇಳಿಸಿ ನನ್ನನ್ನು, ನನ್ನ ಫ್ಲ್ಯಾಶನ್ನು, ಮತ್ತೆ ನನ್ನನ್ನು ನೋಡಿದ.

"ಮೇಡಂ, ನಿಮ್ದು ಯಾವ ಸ್ಟುಡಿಯೋ?"

"ಮನೀದು," ಎಂದೆ.

ಅವನು ನಕ್ಕು ಪಕ್ಕಕ್ಕೆ ಸರಿದ. ನಾನು ಗುರುತು ಹಾಕಿಟ್ಟುಕೊಂಡಿದ್ದ ಕಲ್ಲಿನ ಮೇಲೆ ಅವನೇ ಇಷ್ಟು ಹೊತ್ತು ನಿಂತಿದ್ದ. ಅದರ ಮೇಲೆ ಹೋಗಿ ನಿಂತೆ. ಸ್ಟೇಜಿನ ಮೇಲೆ ಅಳಿಯ, ಮದುಮಗಳು, ಅವಳ ಪಕ್ಕ ಅತ್ತಿ, ಅತ್ತಿಯ ಪಕ್ಕ ಮಾಮ. ಮಾಮ ಎಂದಿನಂತೆ ಎದೆ ಮುಂದೆ ಮಾಡಿ, ಗದ್ದ ಎತ್ತಿ, ಅದೇ ಧೋತರದಲ್ಲಿ ತಯಾರಾಗಿದ್ದರು. ನಾನು ಎಣಿಸಲಿಲ್ಲ.

"ಅತ್ತೀ, ಬ್ಯಾಳ್ಯಾಗ ಹಳ್ಳು ಹುಡುಕ್ತೀಯಲ್ಲ, ಹಂಗ ನನ್ನ ನೋಡು."

ನೋಡಿದಳು. ಒತ್ತಿದೆ. ಒಂದೇ ಸಲ ಮಿಂಚಿತು. ಚಿತ್ರವನ್ನು ಪರದೆಯಲ್ಲಿ ದೊಡ್ಡದು ಮಾಡಿ ನೋಡಿದೆ. ಅತ್ತಿಯ ಎರಡೂ ಕಣ್ಣು ತೆರೆದಿದ್ದವು. ಅಷ್ಟು ಸಣ್ಣವೂ ಅಲ್ಲ.

ಸ್ಟೇಜಿನ ಮೇಲಿಂದ ಮದುಮಗಳು ಏನಾಯಿತು ಎಂದು ಹುಬ್ಬಿನಲ್ಲೇ ಕೇಳಿದಳು. ನಾನು ತಲೆಯಾಡಿಸಿದೆ. ಅವಳು ತಾಯಿಯ ಹೆಗಲಿಗೆ ಮುಖ ಒತ್ತಿದಳು. ಸ್ಟುಡಿಯೋದವನಿಗೆ ಆ ದೃಶ್ಯ ಇಷ್ಟವಾಗಿ ಮತ್ತೆ ಪಟಾಕಿ ಹಚ್ಚಿದ. ಆ ಚಿತ್ರಗಳಲ್ಲೆಲ್ಲ ಅತ್ತಿ ಮಲಗಿದ್ದಾಳೆ. ಆಕೆಗೆ ಈಗ ಅದರ ಚಿಂತೆ ಇರಲಿಲ್ಲ.

ನಾನು ತೆಗೆದದ್ದರಲ್ಲಿ ಒಂದು ಕೊರತೆ ಇದೆ. ಅದು ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ನೋಡಿದ ಮೇಲೆ ಗೊತ್ತಾಯಿತು. ಮಾಮ ಕ್ಯಾಮೆರಾ ನೋಡುತ್ತಿಲ್ಲ. ಅಷ್ಟೊಂದು ತಯಾರಾಗಿ ನಿಂತಿದ್ದವರು, ಇಂಜಿನ್ನಿನ ಹೆಡ್‌ಲೈಟಿಗೂ ಕದಲದವರು, ಕೊನೆಯ ಗಳಿಗೆಯಲ್ಲಿ ಕುತ್ತಿಗೆ ಪೂರ್ತಿ ಹೊರಳಿಸಿ, ಅತ್ತಿಯ ಕಣ್ಣು ತೆರೆದಿವೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದಾರೆ. ಅವರ ಮುಖದ ಒಂದು ಬದಿ, ಒಂದು ಕಿವಿ ಮಾತ್ರ ಚಿತ್ರದಲ್ಲಿದೆ.

ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಎರಡು ಪ್ರತಿ ಮಾಡಿಸಿದೆ. ಒಂದನ್ನು ಚಿಂಚೋಳಿಗೆ ಮದುಮಗಳೇ ಒಯ್ದಳು. ಇನ್ನೊಂದನ್ನು ವಾಡಿಗೆ ಕೊಡಲು ಹೋದಾಗ ಮಾಮ ಅದನ್ನು ತೊಡೆಯ ಮೇಲಿಟ್ಟುಕೊಂಡು ತಕರಾರು ತೆಗೆದರು.

"ಇದೇನ್ ಮೇಡಮ್ಮೋರ, ಹೆಣ್ಣಿನ ತಂದಿ ಕಿವಿ ಅಷ್ಟೇ ಬಂದದ. ಇನ್ನೊಂದು ತೆಗೀಬೇಕಿತ್ತು."

"ಒಂದೇ ಅಂತ ಮಾತಾಗಿತ್ತು ಮಾಮ," ಎಂದೆ.

"ಇರ್ಲಿ ಬಿಡ್ರಿ," ಎಂದಳು ಅತ್ತಿ, ಗೋಡೆಯ ಮೇಲೆ ಮೊಳೆಗೆ ಜಾಗ ನೋಡುತ್ತ. "ಇಷ್ಟು ವರ್ಷ ನೀವ್ ಕ್ಯಾಮೆರಾ ನೋಡೀರಿ. ಇನ್ನ ನಾ ನೋಡತೀನಿ."

ಮಾಮ ಸ್ಟೂಲ್ ಹತ್ತಿ ಮೊಳೆ ಹೊಡೆದರು. ಹಳೆಯ ಮದುವೆ ಫೋಟೋದ ಪಕ್ಕದಲ್ಲೇ. ಮೊನ್ನೆ ನಾನು ಹೋದಾಗ ಯಾರೋ ಹೊಸ ನೆಂಟರು ಅದರ ಕೆಳಗೆ ಕೂತಿದ್ದರು. ಮಾಮ ಚಹಾ ಬರುವವರೆಗೆ ಕಾಯಲಿಲ್ಲ. ಎಡಗಡೆಯ ಫೋಟೋ ತೋರಿಸಿ ಇಂಜಿನ್ನಿನ ಹೆಡ್‌ಲೈಟಿನ ಮಾತು ಪೂರ್ತಿ ಹೇಳಿದರು, ಅತ್ತಿ ಒಳಗಿನಿಂದ ಇಷ್ಟು ಸಾಕು ಅನಿಸ್ತು ಎಂದಳು. ನೆಂಟರು ನಕ್ಕು ಬಲಗಡೆಯ ಫೋಟೋ ನೋಡಿದರು. ಈ ಕಿವಿ ಯಾರದು ಎಂದು ಕೇಳಿದರು. ಮಾಮ ಚಹಾ ಯಾಕ ಬರ್ಲಿಲ್ಲ ಎಂದು ಒಳಗೆ ಎದ್ದು ಹೋದರು.